ಕ್ರ್ಯಾಂಕ್ ಪುಲ್ಲಿ: ಕಂಪನವನ್ನು ನುಂಗುವ ಚಕ್ರ

ಮೋಟಾರು ಕಾರಿನ ಬಾನೆಟ್ಟನ್ನೆತ್ತಿ ಒಳಗೆ ಕಣ್ಣು ಹಾಯಿಸಿದವರಿಗೆ ಬ್ಯಾಟರಿ, ರೇಡಿಯೇಟರು, ಏರ್ ಫಿಲ್ಟರು ಮೊದಲಾದ ಅಂಗಗಳು ಎದುರಿಗೇ ಗೋಚರಿಸುವುವು. ಆದರೆ ಎಂಜಿನಿನ ಒಂದು ಪಾರ್ಶ್ವದಲ್ಲಿ, ತೀರ ಕೆಳಗೆ, ಬೆಲ್ಟಿನ ಸುತ್ತನ್ನು ಹೊತ್ತು, ಧೂಳು ಎಣ್ಣೆಗಳ ಲೇಪದಿಂದ ಕಪ್ಪಿಟ್ಟು ಕುಳಿತಿರುವ ಲೋಹದ ಚಕ್ರವೊಂದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಗರಾಜಿನವರು ಅದನ್ನು ಕ್ರ್ಯಾಂಕ್ ಪುಲ್ಲಿ ಎಂದು ಕರೆಯುತ್ತಾರೆ. ಬೆಲ್ಟನ್ನು ತಿರುಗಿಸುವುದಷ್ಟೇ ಅದರ ಕೆಲಸವೆಂದು ಕಾರಿನ ಒಡೆಯರು ಮಾತ್ರವಲ್ಲದೆ ಆ ಕಸಬಿನಲ್ಲಿ ಕೈಪಳಗಿದ ಅನೇಕರೂ ಭಾವಿಸಿರುವುದರಿಂದ, ಅದನ್ನು ಬಿಚ್ಚುವಾಗ ಸುತ್ತಿಗೆಯ ಪೆಟ್ಟು, ಕೂಡಿಸುವಾಗ ತೋಳಿನ ಬಲ, ಇವೆರಡೇ ಸಾಕೆಂಬ ಧೋರಣೆ ಬೆಳೆದುಬಂದಿದೆ. ಈ ಧೋರಣೆಯಿಂದ ಒಳ್ಳೆಯ ಎಂಜಿನುಗಳು ಅಕಾಲದಲ್ಲಿ ಕೆಡುವುದನ್ನು ಕಂಡು ಮನಸ್ಸಿಗೆ ವ್ಯಥೆಯಾದುದರಿಂದ, ಆ ಚಕ್ರದ ನಿಜವಾದ ಕರ್ತವ್ಯವೇನು, ಅದು ಕೆಡುವುದೇಕೆ, ಅದನ್ನು ಬದಲಿಸುವ ಕ್ರಮವೆಂತು ಎಂಬುದನ್ನು ಇಲ್ಲಿ ತುಸು ವಿಸ್ತಾರವಾಗಿಯೇ ನಿರೂಪಿಸುತ್ತೇನೆ.

ಸಿಲಿಂಡರಿನೊಳಗೆ ಇಂಧನವು ಹೊತ್ತಿಕೊಂಡಾಗ ಉಂಟಾಗುವ ಒತ್ತಡಕ್ಕೆ ಪಿಸ್ಟನ್ನು ಕೆಳಕ್ಕಿಳಿಯುತ್ತದೆ. ಹೀಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನುಗಳ ಚಲನೆಯನ್ನು ಕನೆಕ್ಟಿಂಗ್ ರಾಡುಗಳ ಮೂಲಕ ಸ್ವೀಕರಿಸಿ, ಅದನ್ನು ವೃತ್ತಾಕಾರದ ಚಲನೆಯನ್ನಾಗಿ ಪರಿವರ್ತಿಸುವ, ಹಲವೆಡೆ ಬಾಗಿ ಬಳಸಿರುವ ಲೋಹದ ದಂಡವೇ ಕ್ರ್ಯಾಂಕ್‌ಷಾಫ್ಟು. ಇದರ ಒಂದು ತುದಿಗೆ ಭಾರವಾದ ಫ್ಲೈವೀಲೂ ಅದರಾಚೆಗೆ ಕ್ಲಚ್ಚು, ಗೇರುಪೆಟ್ಟಿಗೆಗಳೂ ಇರುವುವು; ಇನ್ನೊಂದು ತುದಿ ಎಂಜಿನಿನ ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿದ್ದು, ಆ ಮೂತಿಯ ಮೇಲೆ ನಮ್ಮ ಪುಲ್ಲಿಯು ಒಂದೇ ಒಂದು ದಪ್ಪ ಬೋಲ್ಟಿನ ಹಿಡಿತದಲ್ಲಿ ಕುಳಿತಿರುತ್ತದೆ. ಫೋರ್-ಸ್ಟ್ರೋಕ್ ಕ್ರಮದಲ್ಲಿ ಕೆಲಸಮಾಡುವ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ದಂಡದ ಎರಡು ಸುತ್ತುಗಳಿಗೆ ಒಮ್ಮೆ ಮಾತ್ರ ಬಲವನ್ನು ಕೊಡುತ್ತದೆಯಾದಕಾರಣ, ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಪ್ರತಿ ಅರ್ಧ ಸುತ್ತಿಗೊಂದು ಹೊಡೆತ ಬೀಳುವುದೆಂದಾಯಿತು. ಕಾರು ಹೆದ್ದಾರಿಯಲ್ಲಿ ನಿಮಿಷಕ್ಕೆ 3000 ಸುತ್ತುಗಳ ವೇಗದಲ್ಲಿ ಓಡುತ್ತಿದೆಯೆಂದು ಭಾವಿಸಿದರೆ, ಸೆಕೆಂಡಿಗೆ 50 ಸುತ್ತು, 100 ಹೊಡೆತ. ಒಳಗೆ ಕುಳಿತವರಿಗೆ ಅಖಂಡವಾದ ಒಂದು ಗುಂಜಾರವದಂತೆ ಕೇಳಿಸುವ ಧ್ವನಿಯು ವಸ್ತುತಃ ಬಿಡಿಬಿಡಿಯಾದ ಈ ಹೊಡೆತಗಳ ಸಮೂಹವೇ ಆಗಿದೆ.

ಉಕ್ಕು ಎಷ್ಟೇ ಗಟ್ಟಿಯಾಗಿರಲಿ, ಅದಕ್ಕೂ ಸ್ಥಿತಿಸ್ಥಾಪಕ ಗುಣವುಂಟು. ಒಂದೊಂದು ಹೊಡೆತ ಬಿದ್ದಾಗಲೂ ಕ್ರ್ಯಾಂಕ್‌ಷಾಫ್ಟು ಆ ಸಿಲಿಂಡರಿನ ಎಡೆಯಲ್ಲಿ ಕಣ್ಣಿಗೆ ಕಾಣದಷ್ಟು ಅಲ್ಪವಾಗಿ ತಿರುಚಿಕೊಂಡು, ಹೊಡೆತದ ಬಲ ಇಳಿದೊಡನೆ ಹಿಂದಕ್ಕೆ ಪುಟಿದು, ಆ ಪುಟಿತದಲ್ಲಿ ತನ್ನ ಮೊದಲಿನ ಸ್ಥಾನವನ್ನೂ ದಾಟಿ ಎದುರು ದಿಕ್ಕಿಗೆ ತುಸು ತಿರುಚಿ, ಮತ್ತೆ ಮರಳುತ್ತದೆ. ಹೀಗೆ ತಾನೇ ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಅತ್ತಿತ್ತ ತಿರುಚಿಕೊಳ್ಳಬೇಕೆಂಬುದು ಪ್ರತಿಯೊಂದು ದಂಡಕ್ಕೂ ಅದರ ಉದ್ದ, ದಪ್ಪ, ತೂಕಗಳಿಂದ ನಿಶ್ಚಿತವಾಗಿರುವ ಸಂಗತಿ. ಇದಕ್ಕೆ ಸಹಜ ಆವೃತ್ತಿ ಎಂದು ಹೆಸರು. ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ಅದು ಹಿಂದಕ್ಕೆ ಬಂದು ತಿರುಗುವ ಕ್ಷಣವನ್ನೇ ನೋಡಿ ಒಂದು ಬೆರಳಿನಿಂದ ನೂಕುತ್ತ ಹೋದರೂ ಉಯ್ಯಾಲೆಯ ತೂಗು ಹೇಗೆ ಏರುತ್ತಲೇ ಹೋಗುತ್ತದೆಯೋ, ಹಾಗೆಯೇ ಎಂಜಿನಿನ ಹೊಡೆತಗಳ ಆವೃತ್ತಿಯಾಗಲಿ ಅದರ ಗುಣಕಗಳಲ್ಲೊಂದಾಗಲಿ ದಂಡದ ಸಹಜ ಆವೃತ್ತಿಯೊಡನೆ ಕೂಡಿಬಂದಾಗ ಈ ತಿರುಚುಕಂಪನವು ಹೊಡೆತದಿಂದ ಹೊಡೆತಕ್ಕೆ ಪ್ರಬಲವಾಗುತ್ತ ಹೋಗುವುದು. ವಿಜ್ಞಾನಿಗಳು ಅನುರಣನವೆನ್ನುವ ಈ ಸ್ಥಿತಿಯಲ್ಲಿ ಲೋಹವು ಬಹಳ ಕಾಲ ಬಾಳಲಾರದು. ಮೊದಲು ಕೂದಲೆಳೆಯಷ್ಟು ಸಣ್ಣ ಬಿರುಕು, ಅದು ದಿನದಿನಕ್ಕೆ ಬೆಳೆದು, ಒಂದು ದಿನ ಯಾವ ಮುನ್ಸೂಚನೆಯನ್ನೂ ಕೊಡದೆ ದಂಡವೇ ಎರಡು ತುಂಡು.

ದಂಡವು ಉದ್ದವಾದಷ್ಟೂ ಅದರ ಸಹಜ ಆವೃತ್ತಿ ತಗ್ಗುತ್ತದೆ, ತಗ್ಗಿದಷ್ಟೂ ಎಂಜಿನಿನ ದೈನಂದಿನ ವೇಗದ ಮಿತಿಯೊಳಕ್ಕೇ ಅನುರಣನದ ಅಪಾಯ ಇಳಿದುಬರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಎಂಜಿನನ್ನು ನಯವಾಗಿ ಓಡಿಸಬೇಕೆಂಬ ಹಂಬಲ ಕಾರು ನಿರ್ಮಾಪಕರಲ್ಲಿ ಮೂಡಿದಾಗ, ಈ ಪ್ರಕೃತಿನಿಯಮವು ಅವರೆದುರಿಗೆ ಕಠೋರವಾಗಿ ಬಂದು ನಿಂತಿತು. ಹೆನ್ರಿ ರಾಯ್ಸ್‌ನಂಥ ಕುಶಲಿ ನಿರ್ಮಿಸಿದ 30 ಅಶ್ವಶಕ್ತಿಯ ಆರು ಸಿಲಿಂಡರಿನ ರೋಲ್ಸ್-ರಾಯ್ಸ್ ಕಾರಿನಲ್ಲಿಯೂ ಕ್ರ್ಯಾಂಕ್‌ಷಾಫ್ಟುಗಳು ಮುರಿದವು. 1906ರಲ್ಲಿ ಬೆಳಕಿಗೆ ಬಂದು ಮುಂದೆ ಸಿಲ್ವರ್ ಘೋಸ್ಟ್ ಎಂಬ ಹೆಸರಿನಿಂದ ವಿಖ್ಯಾತವಾದ 40/50 ಕಾರಿನಲ್ಲಿ ಆತ ದಂಡವನ್ನು ಇನ್ನಷ್ಟು ಬಲಪಡಿಸಿ, ಸಿಲಿಂಡರುಗಳನ್ನು ಮೂರು ಮೂರರ ಎರಡು ಗುಂಪುಗಳಾಗಿ ಜೋಡಿಸಿ ಆ ದೋಷವನ್ನು ನಿವಾರಿಸಿದನು. ಅದೇ ಕಾಲದಲ್ಲಿ ಡೈಮ್ಲರ್ ಸಂಸ್ಥೆಗೆ ಸಲಹೆಗಾರನಾಗಿದ್ದ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಆಂಗ್ಲ ಎಂಜಿನಿಯರು ಬೇರೊಂದು ದಾರಿಯನ್ನು ಹಿಡಿದನು. ವಿಮಾನಗಳ ರೆಕ್ಕೆ ಗಾಳಿಯಲ್ಲಿ ತೇಲುವ ಬಗೆಯನ್ನು ಕುರಿತು ವಿಮಾನವಿದ್ಯೆ ಇನ್ನೂ ಶೈಶವದಲ್ಲಿದ್ದಾಗಲೇ ಗ್ರಂಥಗಳನ್ನು ಬರೆದ ಅಸಾಧಾರಣ ಪ್ರತಿಭೆ ಆತನದು. ಕಂಪಿಸುವ ದಂಡವನ್ನು ದಪ್ಪಮಾಡುತ್ತ ಹೋಗುವುದಕ್ಕೆ ಬದಲಾಗಿ, ಆ ದಂಡದೊಡನೆ ತುಸು ಸಡಿಲಾಗಿ, ಘರ್ಷಣೆಯ ಮೂಲಕ ಮಾತ್ರ ಸಂಬಂಧಿಸಿದ ಒಂದು ಭಾರದ ಚಕ್ರವನ್ನು ಕೂಡಿಸಿದರೆ, ದಂಡವು ತಟಕ್ಕನೆ ತಿರುಚಿಕೊಂಡಾಗ ಆ ಚಕ್ರವು ತನ್ನ ಜಡತ್ವದಿಂದ ಹಿಂದುಳಿದು ಉಜ್ಜಿಕೊಳ್ಳುವುದೆಂದೂ, ಆ ಉಜ್ಜುವಿಕೆಯಲ್ಲಿ ಕಂಪನದ ಶಕ್ತಿಯು ಶಾಖವಾಗಿ ಕರಗಿಹೋಗುವುದೆಂದೂ ಅವನು ಕಂಡುಕೊಂಡನು. 1910ರ ಸುಮಾರಿಗೆ ಅವನು ಪೇಟೆಂಟು ಪಡೆದ ಈ ಉಪಾಯದ ಸಂತತಿಯೇ ಇಂದು ನಮ್ಮ ಕಾರುಗಳ ಮೂತಿಯ ಮೇಲೆ ಪುಲ್ಲಿಯ ರೂಪದಲ್ಲಿ ಕುಳಿತಿರುವುದು.

ಲ್ಯಾಂಚೆಸ್ಟರನ ಘರ್ಷಣೆಯ ಬಿಲ್ಲೆಗಳಿಗೆ ಬದಲು ಈಗ ರಬ್ಬರು ಬಂದಿದೆ. ಪುಲ್ಲಿಯನ್ನು ಎದುರಿನಿಂದ ಸೂಕ್ಷ್ಮವಾಗಿ ನೋಡಿದರೆ ಅದು ಒಂದೇ ಲೋಹದ ತುಂಡಾಗಿರದೆ ಮೂರು ಭಾಗಗಳ ಜೋಡಣೆಯಾಗಿರುವುದು ತಿಳಿಯುತ್ತದೆ: ಕ್ರ್ಯಾಂಕಿನ ಮೂತಿಯನ್ನು ತಬ್ಬಿ ಕುಳಿತ ಒಳಗಿನ ಗುಂಬ, ಬೆಲ್ಟಿನ ಗೀರುಗಳನ್ನು ಹೊತ್ತ ಹೊರಗಿನ ಭಾರವಾದ ಬಳೆ, ಇವೆರಡರ ನಡುವೆ ಬಿಗಿಯಾಗಿ ಒತ್ತಿ ಅಥವಾ ಬೆಸೆದು ಕೂಡಿಸಿದ ರಬ್ಬರಿನ ಪಟ್ಟಿ. ಗುಂಬವು ದಂಡದೊಡನೆ ತಿರುಚುತ್ತ ನಡುಗುತ್ತದೆ. ಬಳೆಯು ತನ್ನ ತೂಕದ ಕಾರಣದಿಂದ ಸಮವೇಗವನ್ನು ಬಿಡಲೊಲ್ಲದು. ಇವೆರಡರ ಜಗ್ಗಾಟವನ್ನೆಲ್ಲ ನಡುವಿನ ರಬ್ಬರು ತನ್ನ ಮೈಯಲ್ಲಿ ಸಹಿಸಿ ಶಾಖವನ್ನಾಗಿ ಪರಿವರ್ತಿಸಿ ಗಾಳಿಗೆ ಬಿಟ್ಟುಕೊಡುವುದು. ಬಳೆಯ ತೂಕವೆಷ್ಟು, ರಬ್ಬರಿನ ಗಡಸು ಎಷ್ಟು ಎಂಬುದನ್ನು ಆಯಾ ಎಂಜಿನಿನ ಸಹಜ ಆವೃತ್ತಿಗೆ ಸರಿಹೊಂದುವಂತೆ ಲೆಕ್ಕಹಾಕಿ ನಿರ್ಧರಿಸಿರುತ್ತಾರೆ. ಇದನ್ನು ಮೂತಿಯ ಕಡೆಗೇ ಕೂಡಿಸುವುದಕ್ಕೂ ಕಾರಣವಿದೆ: ಭಾರದ ಫ್ಲೈವೀಲಿನ ಬಳಿ ದಂಡದ ತಿರುಚು ಅತ್ಯಲ್ಪ, ಅದಕ್ಕೆ ದೂರವಾದ ಈ ಸ್ವತಂತ್ರ ತುದಿಯಲ್ಲಿಯೇ ಅದು ಅತ್ಯಧಿಕ. ಎಲ್ಲ ಕಾರುಗಳ ಪುಲ್ಲಿಯಲ್ಲಿಯೂ ರಬ್ಬರು ಇರುವುದೆಂದಲ್ಲ. ಚಿಕ್ಕದಾದ, ಗಿಡ್ಡ ದಂಡದ ಕೆಲವು ಎಂಜಿನುಗಳಿಗೆ ಸಾದಾ ಲೋಹದ ಪುಲ್ಲಿಯೇ ಸಾಲುತ್ತದೆ. ಡೀಸಲು ಎಂಜಿನುಗಳಲ್ಲಾದರೋ ಹೊಡೆತಗಳು ಹೆಚ್ಚು ಪ್ರಬಲವಾದುದರಿಂದ, ಕಂಪನಕ್ಕೊಂದು ಬೆಲ್ಟಿಗೊಂದು ಎಂದು ಎರಡು ಪದರ ರಬ್ಬರಿನ ಪುಲ್ಲಿಗಳೂ ಉಂಟು.

ರಬ್ಬರು ನಶ್ವರ ವಸ್ತು. ಎಂಜಿನಿನ ಬಿಸಿ, ಗಾಳಿಯಲ್ಲಿನ ಓಜೋನು, ಎಲ್ಲಕ್ಕಿಂತ ಹೆಚ್ಚಾಗಿ ಹಳೆಯ ಸೀಲಿನಿಂದ ಜಿನುಗುವ ಎಣ್ಣೆ, ಇವುಗಳ ಸಂಪರ್ಕದಲ್ಲಿ ವರ್ಷಗಳ ತರುವಾಯ ಅದು ಗಡುಸಾಗುತ್ತದೆ ಇಲ್ಲವೆ ಊದಿಕೊಳ್ಳುತ್ತದೆ, ಅಂಚಿನಲ್ಲಿ ಬಿರುಕುಬಿಟ್ಟು ಚೂರುಚೂರಾಗಿ ಉದುರುತ್ತದೆ. ಆಗ ಹೊರಬಳೆಯು ಗುಂಬದ ಮೇಲೆ ಜಾರತೊಡಗುವುದು; ಕೆಲವೊಮ್ಮೆ ಹಿಂದಕ್ಕೆ ಸರಿದು ಟೈಮಿಂಗ್ ಕವರನ್ನು ಉಜ್ಜಿ ಸವೆಸುವುದು; ತೀರ ಕೊನೆಯ ಹಂತದಲ್ಲಿ ಕಳಚಿ ಬಿದ್ದೇಹೋಗುವುದೂ ಉಂಟು.

ಈ ಅವನತಿಯ ಲಕ್ಷಣಗಳು ಬೇರೆ ಬೇರೆ ವ್ಯಾಧಿಗಳ ವೇಷದಲ್ಲಿ ಕಾಣಿಸಿಕೊಳ್ಳುವುದರಿಂದಲೇ ಒಡೆಯನಿಗೆ ಅನೇಕ ವೇಳೆ ಅನಗತ್ಯ ಖರ್ಚು ಬೀಳುತ್ತದೆ. ಬೆಳಗ್ಗೆ ಸ್ಟಾರ್ಟು ಮಾಡಿದೊಡನೆ ಕಿರ್ರೆಂದು ಅರಚುವ ಶಬ್ದ ಕೇಳಿದರೆ ಬೆಲ್ಟನ್ನು ಬದಲಿಸುತ್ತಾರೆ. ಶಬ್ದವು ಕೆಲವು ದಿನ ಅಡಗಿ ಮತ್ತೆ ಬರುತ್ತದೆ. ಬ್ಯಾಟರಿಯ ದೀಪ ಡ್ಯಾಶ್‌ಬೋರ್ಡಿನಲ್ಲಿ ಮಿಣುಕಿದರೆ ಆಲ್ಟರ್ನೇಟರನ್ನು, ನಮ್ಮವರು ಇಂದಿಗೂ ಡೈನಮೋ ಎನ್ನುವುದನ್ನು, ಬಿಚ್ಚಿ ರಿಪೇರಿಗೆ ಕಳಿಸುತ್ತಾರೆ. ಪುಲ್ಲಿಯ ಬಳೆ ಜಾರುತ್ತಿದ್ದರೆ ಬೆಲ್ಟಿಗೆ ಬಲವೇ ಸರಿಯಾಗಿ ತಲಪದಿರುವುದರಿಂದ ಆಲ್ಟರ್ನೇಟರು ಎಷ್ಟು ಹೊಸದಾದರೂ ಪ್ರಯೋಜನವಿಲ್ಲ. ವಾಟರ್ ಪಂಪು ಇದೇ ಬೆಲ್ಟಿನಿಂದ ತಿರುಗುವ ಕಾರುಗಳಲ್ಲಿ ಎಂಜಿನು ಅತಿಯಾಗಿ ಕಾಯುವುದು; ಪವರ್ ಸ್ಟಿಯರಿಂಗಿನ ಪಂಪು ಇದರಿಂದಲೇ ನಡೆಯುವ ಕಾರುಗಳಲ್ಲಿ ಸ್ಟಿಯರಿಂಗು ಇದ್ದಕ್ಕಿದ್ದಂತೆ ಬಿಗಿಯಾಗುವುದು; ಏಸಿಯ ತಂಪು ಕುಗ್ಗುವುದು. ಕಾರು ನಿಂತಲ್ಲಿಯೇ ನಡುಗುತ್ತಿದ್ದರೆ ಎಂಜಿನಿನ ಮೌಂಟಿಂಗುಗಳ ಮೇಲೆ ಸಂದೇಹ. ಇಷ್ಟೆಲ್ಲ ಭಾಗಗಳನ್ನು ಒಂದೊಂದಾಗಿ ಬದಲಿಸಿದ ಮೇಲೆ, ಕಟ್ಟಕಡೆಗೆ, ಇವೆಲ್ಲಕ್ಕೂ ಮೂಲವಾದ ಚಕ್ರದ ಮೇಲೆ ಟಾರ್ಚಿನ ಬೆಳಕು ಬೀಳುವುದು.

ಈ ದುಂದುವೆಚ್ಚವನ್ನು ತಪ್ಪಿಸಬಲ್ಲ ಅತಿ ಸುಲಭವಾದ ಪರೀಕ್ಷೆಯೊಂದುಂಟು. ಇದನ್ನು ಪ್ರತಿಯೊಬ್ಬ ಕಾರಿನ ಒಡೆಯನೂ ತಿಳಿದಿರಬೇಕೆಂಬುದು ನನ್ನ ಅಪೇಕ್ಷೆ. ಎಂಜಿನು ನಿಂತಿರುವಾಗ ಪುಲ್ಲಿಯ ಮುಖವನ್ನು ಒರಸಿ, ಗುಂಬದಿಂದ ಹೊರಟು ರಬ್ಬರನ್ನು ಹಾದು ಹೊರಬಳೆಯವರೆಗೆ ಬಿಳಿಯ ಬಣ್ಣದಲ್ಲಿ ಒಂದು ನೇರ ಗೆರೆಯನ್ನೆಳೆದು ಒಣಗಲು ಬಿಟ್ಟು, ಕೆಲವು ದಿನ ಕಾರನ್ನು ಓಡಿಸಿದ ಮೇಲೆ ಮತ್ತೆ ನೋಡತಕ್ಕದ್ದು. ಗೆರೆಯು ರಬ್ಬರಿನ ಬಳಿ ತುಂಡಾಗಿ ಎರಡು ತುದಿಗಳೂ ದೂರ ಸರಿದಿದ್ದರೆ ಬಳೆಯು ಜಾರುತ್ತಿದೆಯೆಂಬುದರಲ್ಲಿ ಸಂದೇಹವಿಲ್ಲ. ಬಳೆಯ ಈ ಜಾರುವಿಕೆಗೆ ಇನ್ನೊಂದು ದುಷ್ಫಲವೂ ಇದೆ. ಹಳೆಯ ಮಾದರಿಯ ಎಂಜಿನುಗಳಲ್ಲಿ ಸ್ಪಾರ್ಕಿನ ಸಮಯವನ್ನು ಹೊಂದಿಸಲು ಬೇಕಾದ ಗುರುತನ್ನು ಈ ಬಳೆಯ ಅಂಚಿನ ಮೇಲೆಯೇ ಕೊರೆದಿರುತ್ತಾರೆ. ಬಳೆ ಜಾರಿದರೆ ಗುರುತೂ ಜಾರಿತು. ಆ ಗುರುತನ್ನು ನಂಬಿ ಹೊಂದಿಸಿದ ಮೇಸ್ತ್ರಿಯ ಕೆಲಸವೆಲ್ಲ ತಪ್ಪಾಯಿತು. ಮೊದಲನೆಯ ಸಿಲಿಂಡರಿನ ಪಿಸ್ಟನ್ನು ನಿಜವಾಗಿಯೂ ಶಿಖರವನ್ನು ಮುಟ್ಟಿದೆಯೇ ಎಂದು ಸ್ಪಾರ್ಕ್ ಪ್ಲಗ್ಗಿನ ರಂಧ್ರದ ಮೂಲಕ ಪರೀಕ್ಷಿಸಿ, ಅದರೊಡನೆ ಪುಲ್ಲಿಯ ಗುರುತನ್ನು ತಾಳೆ ನೋಡುವುದೇ ಇದಕ್ಕೆ ಪರಿಹಾರ.

ಪುಲ್ಲಿಯ ಬೋಲ್ಟಿನ ಪ್ರಸ್ತಾಪಕ್ಕೆ ಬರುವ ಮುನ್ನ, ಹಿರಿಯ ಓದುಗರಿಗೆ ಈ ಸ್ಥಳದ ಪರಿಚಯ ಮೊದಲೇ ಇರುವುದೆಂಬುದನ್ನು ಜ್ಞಾಪಿಸಲು ಇಚ್ಛಿಸುತ್ತೇನೆ. ಕೋಲ್ಕತ್ತದ ಸಮೀಪದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳನ್ನು ಬಲ್ಲವರು, ಚಳಿಯ ಬೆಳಗಿನಲ್ಲಿ ಬ್ಯಾಟರಿ ಸೋತಾಗ ಚಾಲಕನು ಡಿಕ್ಕಿಯಿಂದ ಉದ್ದನೆಯ ಹ್ಯಾಂಡಲನ್ನು ತೆಗೆದು, ಕಾರಿನ ಮುಂಭಾಗದಿಂದ ಒಳಕ್ಕೆ ತೂರಿಸಿ, ಎಲ್ಲಿಯೋ ಅದು ಕಚ್ಚಿಕೊಂಡಿತೆಂದು ಕೈಗೆ ತಿಳಿದೊಡನೆ ರಭಸದಿಂದ ತಿರುವುತ್ತಿದ್ದುದನ್ನು ಮರೆತಿರಲಾರರು. ಹ್ಯಾಂಡಲು ಕಚ್ಚಿಕೊಳ್ಳುತ್ತಿದ್ದುದು ಕ್ರ್ಯಾಂಕ್ ಪುಲ್ಲಿಯನ್ನು ಹಿಡಿದಿಟ್ಟ ಹಲ್ಲುಳ್ಳ ಬೋಲ್ಟಿನ ತಲೆಗೇ. ಹೆಬ್ಬೆರಳನ್ನು ಇತರ ಬೆರಳುಗಳ ಕಡೆಗೇ ಇರಿಸಿಕೊಂಡು ಹಿಡಿಯಬೇಕೆಂದು ಅನುಭವಿಗಳು ಹೊಸಬರಿಗೆ ಹೇಳಿಕೊಡುತ್ತಿದ್ದರು, ಏಕೆಂದರೆ ಎಂಜಿನು ಅಕಸ್ಮಾತ್ತಾಗಿ ಹಿಮ್ಮುಖವಾಗಿ ಒದ್ದರೆ ಕೈಯ ಮೂಳೆ ಮುರಿಯುವ ಭಯವಿತ್ತು. 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಬಂದುದರಿಂದ ಜಗತ್ತಿನ ಚಾಲಕರಿಗೆ ಈ ಶ್ರಮ ಕ್ರಮೇಣ ತಪ್ಪಿತು. ನಮ್ಮ ದೇಶದಲ್ಲಿ ಹ್ಯಾಂಡಲು ಮಾತ್ರ ದಶಕಗಳ ಕಾಲ ಡಿಕ್ಕಿಯಲ್ಲಿ ಉಳಿದುಕೊಂಡಿತು.

ಇನ್ನು ಬದಲಿಸುವ ಕ್ರಮ. ಅಂಬಾಸಿಡರಿನಲ್ಲಿ ಎಂಜಿನು ಉದ್ದುದ್ದಕ್ಕೆ ಕುಳಿತಿದ್ದು ಪುಲ್ಲಿಯು ರೇಡಿಯೇಟರಿಗೆ ಅಭಿಮುಖವಾಗಿತ್ತು. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನನ್ನು ಅಡ್ಡಲಾಗಿ ಕೂಡಿಸಿರುವುದರಿಂದ ಪುಲ್ಲಿಯು ಮುಂದಿನ ಒಂದು ಚಕ್ರದ ಮಗ್ಗುಲಿಗೆ ಬಂದಿರುತ್ತದೆ. ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಕಳಚಿ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಕಾರನ್ನು ಜಾಕಿಯಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆ ಬದಿಯ ಚಕ್ರವನ್ನೂ ಅದರ ಹಿಂದಿನ ಪ್ಲಾಸ್ಟಿಕ್ ಮರೆಯನ್ನೂ ತೆಗೆದರೆ ಪುಲ್ಲಿಯು ಪೂರ್ಣವಾಗಿ ಕಾಣುವುದು. ಜಾಕಿಯೊಂದನ್ನೇ ನಂಬಿ, ಅಥವಾ ಇಟ್ಟಿಗೆಗಳನ್ನು ಜೋಡಿಸಿ ಅದರ ಮೇಲೆ ಕಾರನ್ನು ನಿಲ್ಲಿಸಿ ಕೆಳಗೆ ನುಸುಳುವುದು ಪ್ರಾಣಕ್ಕೆ ಎರವಾಗುವ ಸಾಹಸ. ಇಟ್ಟಿಗೆಯು ಒಮ್ಮೆಲೇ ಪುಡಿಯಾಗತಕ್ಕ ವಸ್ತು. ಬೆಲ್ಟು ಯಾವ ಯಾವ ಪುಲ್ಲಿಯನ್ನು ಯಾವ ಮಗ್ಗುಲಿನಿಂದ ಬಳಸಿದೆಯೆಂಬುದನ್ನು ಚಿತ್ರ ಬರೆದುಕೊಂಡು, ಟೆನ್ಶನರನ್ನು ಸಡಿಲಿಸಿ, ಬೆಲ್ಟನ್ನು ಬಿಡಿಸಿದರೆ ಎದುರಿಗೆ ಉಳಿಯುವುದು ಆ ಒಂದು ಬೋಲ್ಟು.

ಈ ಬೋಲ್ಟಿನ ತತ್ತ್ವವನ್ನು ಅರಿಯದವರಿಗೆ ಉಳಿದ ಕೆಲಸವು ಅರ್ಥವಾಗದು. ಬೋಲ್ಟನ್ನು ಬಿಗಿದಾಗ ಅದರ ಉಕ್ಕು ಅತ್ಯಲ್ಪ ಪ್ರಮಾಣದಲ್ಲಿ ಉದ್ದಕ್ಕೆ ಎಳೆದುಕೊಂಡು, ಮತ್ತೆ ಕುಗ್ಗಲು ಹವಣಿಸುತ್ತ, ಪುಲ್ಲಿಯನ್ನೂ ವಾಲ್ವುಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಹಲ್ಲುಚಕ್ರವನ್ನೂ ಕ್ರ್ಯಾಂಕಿನ ಮೂತಿಗೆ ಅಪಾರವಾದ ಬಲದಿಂದ ಒತ್ತಿ ಹಿಡಿಯುತ್ತದೆ. ಪುಲ್ಲಿಯನ್ನು ತಿರುಗಿಸುವ ಬಲವು ಮುಖ್ಯವಾಗಿ ಸಾಗುವುದು ಹೀಗೆ ಒತ್ತಿಹಿಡಿದ ಮುಖಗಳ ಘರ್ಷಣೆಯಿಂದಲೇ. ಮೂತಿಯ ತೋಡಿನಲ್ಲಿ ಕುಳಿತ ಚಿಕ್ಕ ಕೀಲಿಯು ಪುಲ್ಲಿಯ ಸ್ಥಾನವನ್ನು ತೋರಿಸಿಕೊಡುವುದಕ್ಕೆ ಹೊರತು ಆ ಭಾರವನ್ನು ಹೊರಲು ನಿರ್ಮಿತವಾದುದಲ್ಲ. ಬಿಗಿತ ಸಾಲದೆ ಹೋದರೆ ಮುಖಗಳ ನಡುವೆ ಕೂದಲೆಳೆಯಷ್ಟು ಆಟ ಆರಂಭವಾಗಿ, ಕೀಲಿ ಜಜ್ಜಿಹೋಗಿ, ತೋಡು ಅಗಲವಾಗಿ, ಕ್ರ್ಯಾಂಕ್‌ಷಾಫ್ಟೇ ನಿರುಪಯೋಗವಾಗುವುದು. ಜಪಾನಿನ ಮಾಜ್ದಾ ಸಂಸ್ಥೆಯು ಅಮೆರಿಕದಲ್ಲಿ ಮಿಯಾಟಾ ಎಂಬ ಹೆಸರಿನಿಂದ ಮಾರಿದ ಎರಡು ಆಸನದ ಪುಟ್ಟ ಕಾರಿನ ಇತಿಹಾಸ ಇದಕ್ಕೆ ನಿದರ್ಶನ. ಅದರ ಮೊದಲ ವರ್ಷಗಳ 1.6 ಲೀಟರಿನ ಎಂಜಿನುಗಳಲ್ಲಿ ಕ್ರ್ಯಾಂಕಿನ ಮೂತಿ ಗಿಡ್ಡವಾಗಿದ್ದು, ಬೋಲ್ಟಿನ ಹಿಡಿತ ಸಾಲದೆ, ಕೀಲಿಯ ತೋಡುಗಳು ಸವೆದು ಕೆಡುವ ದೂರುಗಳು ಬಂದುದರಿಂದ, 1991ರಲ್ಲಿ ಉದ್ದನೆಯ ಮೂತಿಯನ್ನೂ ದೊಡ್ಡ ಬೋಲ್ಟನ್ನೂ ಅಳವಡಿಸಬೇಕಾಯಿತು. ಅಂಥ ದೊಡ್ಡ ಕಾರ್ಖಾನೆಯೇ ಈ ಒಂದು ಬೋಲ್ಟಿನ ವಿಷಯದಲ್ಲಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳಬೇಕಾಗಿ ಬಂದಿರುವಾಗ, ನಾವು ಅಂದಾಜಿನ ಮೇಲೆ ಬಿಗಿದು ನೆಮ್ಮದಿಯಾಗಿರುವುದು ಹೇಗೆ?

ಬಿಗಿತದ ಪ್ರಮಾಣವು ಎಂಜಿನಿನಿಂದ ಎಂಜಿನಿಗೆ ಬೇರೆ. ಹೋಂಡಾದ ಕೆಲವು ವಿ6 ಎಂಜಿನುಗಳಲ್ಲಿ ಅದು 245 ನ್ಯೂಟನ್-ಮೀಟರು. ಎಂದರೆ ಅರ್ಧ ಮೀಟರು ಉದ್ದದ ಹಿಡಿಯ ತುದಿಗೆ ಸುಮಾರು 50 ಕಿಲೋಗ್ರಾಂ ಭಾರವನ್ನು ತೂಗುಹಾಕಿದಷ್ಟು. ವರ್ಷಗಳ ಬಿಸಿ, ತುಕ್ಕುಗಳಿಂದ ಬಿಚ್ಚುವಾಗ ಬೇಕಾಗುವ ಬಲವು ಇನ್ನೂ ಅಧಿಕ. ಪಾನವನ್ನು, ಎಂದರೆ ಸ್ಪ್ಯಾನರನ್ನು, ಹಾಕಿ ತಿರುವಿದರೆ ಬೋಲ್ಟಿನ ಜೊತೆಗೆ ಎಂಜಿನೇ ತಿರುಗುವುದರಿಂದ, ಪುಲ್ಲಿಯನ್ನು ಅಲುಗದಂತೆ ಹಿಡಿಯುವ ಸಾಧನವು ಮೊದಲು ಬೇಕು. ಹೋಂಡಾದವರು ತಮ್ಮ ಅನೇಕ ಪುಲ್ಲಿಗಳ ಗುಂಬದಲ್ಲಿ 50 ಮಿಲಿಮೀಟರಿನ ಷಟ್ಕೋನದ ಕುಳಿಯನ್ನು ಇದಕ್ಕೆಂದೇ ಬಿಟ್ಟಿದ್ದಾರೆ. ಅದಕ್ಕೆ ಹೊಂದುವ ಹಿಡಿಕೆಯನ್ನು ಕೂಡಿಸಿ ನೆಲಕ್ಕೋ ಚೌಕಟ್ಟಿಗೋ ಆನಿಸಿದರೆ ಪುಲ್ಲಿ ನಿಶ್ಚಲವಾಗುತ್ತದೆ. ಬೇರೆ ಕಾರುಗಳಲ್ಲಿ ಪುಲ್ಲಿಯ ರಂಧ್ರಗಳಿಗೆ ಹೊಂದುವ ಹಿಡಿಕೆಗಳುಂಟು. ಮ್ಯಾನ್ಯುಯಲ್ ಗೇರಿನ ಕಾರಾದರೆ ಮೇಲಿನ ಗೇರಿನಲ್ಲಿರಿಸಿ, ಒಬ್ಬರು ಬ್ರೇಕನ್ನು ಗಟ್ಟಿಯಾಗಿ ಒತ್ತಿ ಕುಳಿತರೂ ಕೆಲವೊಮ್ಮೆ ಸಾಕಾಗುವುದು. ಗರಾಜುಗಳಲ್ಲಿ ಈಗ ಗಾಳಿಯ ಒತ್ತಡದ ಗನ್ನಿನಿಂದ ಕ್ಷಣಮಾತ್ರದಲ್ಲಿ ಬಿಚ್ಚುತ್ತಾರೆ. ಬಿಚ್ಚಲು ಅದು ಸರಿಯೇ. ಅದರಿಂದಲೇ ಮರಳಿ ಬಿಗಿಯುವುದು ಮಾತ್ರ ತಪ್ಪು, ಏಕೆಂದರೆ ಗನ್ನಿಗೆ ಬಲ ತಿಳಿದಿದೆಯೇ ಹೊರತು ಅಳತೆ ತಿಳಿಯದು.

ಉದ್ದನೆಯ ರಾಡನ್ನು ಬೋಲ್ಟಿಗೆ ಕೂಡಿಸಿ, ಅದರ ತುದಿಯನ್ನು ನೆಲಕ್ಕೆ ಆನಿಸಿ, ಒಂದು ಕ್ಷಣ ಸ್ಟಾರ್ಟರನ್ನು ತಿರುಗಿಸಿ ಬೋಲ್ಟನ್ನು ಸಡಿಲಿಸುವ ಉಪಾಯವೊಂದು ಗರಾಜುಗಳಲ್ಲಿ ಪ್ರಚಾರದಲ್ಲಿದೆ. ಹೆಚ್ಚಿನ ಎಂಜಿನುಗಳು ಪುಲ್ಲಿಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವುದರಿಂದ, ರಾಡು ಬೋಲ್ಟನ್ನು ತಡೆದು ನಿಲ್ಲಿಸಿದರೆ ಎಂಜಿನು ತಾನೇ ತಿರುಗಿ ಅದನ್ನು ಸಡಿಲಿಸುತ್ತದೆಂಬುದು ನಿಜ. ಆದರೆ ಹೋಂಡಾದ ಹಳೆಯ ನಾಲ್ಕು ಸಿಲಿಂಡರಿನ ಅನೇಕ ಎಂಜಿನುಗಳು ಇದಕ್ಕೆ ವಿರುದ್ಧ ದಿಕ್ಕಿಗೆ ತಿರುಗುವಂಥವು. ಅಲ್ಲಿ ಈ ಉಪಾಯವು ಬೋಲ್ಟನ್ನು ಇನ್ನಷ್ಟು ಬಿಗಿಯುವುದು. ದಿಕ್ಕು ಸರಿಯಿದ್ದರೂ ರಾಡು ಜಾರಿ ಸಿಡಿದರೆ ಎದುರಿಗಿದ್ದವರ ಕೈಕಾಲು ಉಳಿಯುವ ಭರವಸೆಯಿಲ್ಲ. ಗರಾಜಿನ ಎಳೆಯ ಹುಡುಗರನ್ನು ಆ ರಾಡಿನ ಬಳಿ ನಿಲ್ಲಿಸಿ ಈ ಕೆಲಸ ಮಾಡಿಸುವ ರೂಢಿಯು ನಿಲ್ಲಲೇಬೇಕು. ಹಿಡಿಕೆಯ ಬೆಲೆ ಆ ಹುಡುಗನ ಕೈಗಿಂತ ಹೆಚ್ಚಿನದಲ್ಲ.

ಬೋಲ್ಟು ಕಳಚಿದ ಮೇಲೆ ಕೆಲವು ಪುಲ್ಲಿಗಳು ಕೈಯಿಂದ ಎಳೆದರೆ ಬರುತ್ತವೆ. ಬಿಗಿಯಾಗಿ ಕುಳಿತವನ್ನು ಪುಲ್ಲರಿನಿಂದ ಎಳೆಯಬೇಕು. ಪುಲ್ಲರಿನ ಕೊಕ್ಕೆಗಳನ್ನು ಹೊರಬಳೆಗೆ ಸಿಕ್ಕಿಸಿ ಎಳೆದರೆ ಬಳೆಯು ರಬ್ಬರಿನಿಂದ ಕಿತ್ತು ಬರುವುದಲ್ಲದೆ ಗುಂಬವು ಅಲ್ಲಿಯೇ ಉಳಿಯುವುದಾದ್ದರಿಂದ, ಗುಂಬದಲ್ಲಿ ತಿರುಪಿನ ಎಳೆಯುಳ್ಳ ರಂಧ್ರಗಳಿದ್ದರೆ ಅಲ್ಲಿಗೇ ಬೋಲ್ಟುಗಳನ್ನು ತಿರುಗಿಸಿ ಹಿಡಿಯತಕ್ಕದ್ದು. ಪುಲ್ಲಿ ಹೊರಬಂದೊಡನೆ ಕಾಣಿಸುವ ಆಯಿಲ್ ಸೀಲನ್ನು, ಅದು ಚೆನ್ನಾಗಿಯೇ ಇರುವಂತೆ ತೋರಿದರೂ, ಬದಲಿಸಿಬಿಡುವುದು ಲೇಸು. ಅಲ್ಪ ಬೆಲೆಯ ಆ ಉಂಗುರದ ತುಟಿ ಸೋತರೆ ಎಣ್ಣೆಯು ಹೊಸ ಪುಲ್ಲಿಯ ರಬ್ಬರಿನ ಮೇಲೆಯೇ ಬಂದು ಬೀಳುತ್ತದೆ. ಹೊಸ ಸೀಲಿನ ತುಟಿಗೂ ಪುಲ್ಲಿಯ ಕೊರಳಿಗೂ ತುಸು ಎಂಜಿನ್ ಆಯಿಲನ್ನು ಸವರಿ ಕೂಡಿಸಬೇಕು. ಒಣ ತುಟಿಯು ಮೊದಲ ಕೆಲವು ಸುತ್ತುಗಳಲ್ಲಿಯೇ ಸುಟ್ಟುಹೋಗಬಹುದು.

ಒಂದು ಮುಖ್ಯವಾದ ಎಚ್ಚರಿಕೆ. ಕೆಲವು ಎಂಜಿನುಗಳಲ್ಲಿ, ಉದಾಹರಣೆಗೆ ಫೋರ್ಡಿನ ಡ್ಯೂರಾಟೆಕ್ ವರ್ಗದವುಗಳಲ್ಲಿ, ಕ್ರ್ಯಾಂಕಿನ ಮೂತಿಗೆ ಕೀಲಿಯೇ ಇರುವುದಿಲ್ಲ. ಟೈಮಿಂಗ್ ಹಲ್ಲುಚಕ್ರವೂ ಪುಲ್ಲಿಯೂ ಬೋಲ್ಟಿನ ಒತ್ತಡವೊಂದರಿಂದಲೇ ಸ್ಥಾನದಲ್ಲಿ ನಿಂತಿರುತ್ತವೆ. ಅಂಥ ಎಂಜಿನಿನ ಬೋಲ್ಟನ್ನು ಸಾಮಾನ್ಯ ಪುಲ್ಲಿಯೆಂದು ಬಗೆದು ಸಡಿಲಿಸಿದ ಕ್ಷಣವೇ ಕ್ರ್ಯಾಂಕು ಮತ್ತು ವಾಲ್ವುಗಳ ನಡುವಿನ ಸಂಬಂಧ ಕಳಚಿಹೋಗಿ, ಎಂಜಿನನ್ನು ತಿರುಗಿಸಿದಾಗ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿಯುವ ಸಂಭವವುಂಟು. ಕ್ರ್ಯಾಂಕ್‌ಷಾಫ್ಟನ್ನೂ ವಾಲ್ವುಗಳನ್ನು ನಡೆಸುವ ದಂಡಗಳನ್ನೂ ಅವುಗಳ ಸ್ಥಾನದಲ್ಲಿ ಭದ್ರಪಡಿಸುವ ಪಿನ್ನುಗಳಿಲ್ಲದೆ ಆ ಕೆಲಸಕ್ಕೆ ಕೈಹಾಕಲೇಬಾರದು. ಕಾರಿನ ಮಾದರಿಗೆ ಸಂಬಂಧಿಸಿದ ದುರಸ್ತಿ ಕೈಪಿಡಿಯನ್ನು ಮೊದಲು ಓದಿಯೇ ಪಾನವನ್ನು ಎತ್ತಬೇಕೆಂದು ನಾನು ಒತ್ತಿಹೇಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹೊಸ ಪುಲ್ಲಿಯನ್ನು ಆರಿಸುವುದರಲ್ಲಿಯೂ ವಿವೇಕ ಬೇಕು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳ ಸಾಲಿಗೆ ಹೋಗುವರು. ಅಲ್ಲಿ ಮೂಲ ತಯಾರಕರ ಪುಲ್ಲಿಯೂ ದೊರೆಯುವುದು, ನೋಡಲು ತದ್ರೂಪವಾದ ಅಗ್ಗದ ಪುಲ್ಲಿಯೂ ದೊರೆಯುವುದು. ಗೀರುಗಳ ಸಂಖ್ಯೆ, ವ್ಯಾಸ ಎಲ್ಲವೂ ಒಂದೇ ಇರುವಾಗ ವ್ಯತ್ಯಾಸವು ರಬ್ಬರಿನ ಗುಣದಲ್ಲಿ ಅಡಗಿರುತ್ತದಾಗಿ, ಅದನ್ನು ಅಂಗಡಿಯ ಕಟ್ಟೆಯ ಮೇಲೆ ಪರೀಕ್ಷಿಸುವುದು ಅಶಕ್ಯ. ಆದುದರಿಂದ ಕಾರಿನ ಭಾಗಸಂಖ್ಯೆಯನ್ನು ಬರೆದುಕೊಂಡು ಹೋಗಿ, ಬಿಲ್ಲಿನೊಡನೆ ಕೊಳ್ಳುವುದೊಂದೇ ದಾರಿ. ಗುಜರಿಯಿಂದ ತಂದ ಹಳೆಯ ಪುಲ್ಲಿಯ ರಬ್ಬರಿಗೆ ಆಗಲೇ ವಯಸ್ಸಾಗಿರುತ್ತದೆ. ವೇಗಪ್ರಿಯ ಯುವಕರು ಎಂಜಿನಿಗೆ ಚುರುಕು ಬರುವುದೆಂದು ರಬ್ಬರಿಲ್ಲದ ಹಗುರವಾದ ಅಲ್ಯುಮಿನಿಯಂ ಪುಲ್ಲಿಯನ್ನು ಹಾಕಿಸುವುದನ್ನೂ ಕಂಡಿದ್ದೇನೆ. ತಯಾರಕರು ಲೆಕ್ಕಹಾಕಿ ಕೂಡಿಸಿದ ಕಂಪನನಿವಾರಕವನ್ನು ಕಿತ್ತೊಗೆದು ಅಲ್ಪವಾದ ಚುರುಕನ್ನು ಕೊಂಡಂತಾಗುವ ಈ ವ್ಯಾಪಾರವು ನನಗೆ ಸರ್ವಥಾ ಸಮ್ಮತವಲ್ಲ. ರಾಯ್ಸನ ಕಾಲದಲ್ಲಿ ದಂಡಗಳನ್ನು ಮುರಿದ ಆ ಕಂಪನವು ಇಂದಿನ ಉಕ್ಕಿನಲ್ಲಿಯೂ ಹಾಗೆಯೇ ಇದೆ.

ಕೂಡಿಸುವಾಗ ಮೂತಿಯನ್ನೂ ಗುಂಬದ ಒಳಗನ್ನೂ ಶುಚಿಮಾಡಿ, ಕೀಲಿ ನೆಟ್ಟಗಿದೆಯೆಂದು ನೋಡಿ, ಪುಲ್ಲಿಯನ್ನು ಸರಿಸಬೇಕು. ಬಿಗಿಯಾಗಿ ಕೂರತಕ್ಕ ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಆ ಪೆಟ್ಟು ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿನವರೆಗೂ ಹೋಗುವುದರಿಂದ, ತಿರುಪಿನ ಸಾಧನದಿಂದ ಮೆಲ್ಲಗೆ ಎಳೆದು ಕೂರಿಸುವುದೇ ಕ್ರಮ. ಬೋಲ್ಟಿನ ತಿರುಪಿನ ಎಳೆಗಳಿಗೆ ಎಣ್ಣೆ ಹಾಕಬೇಕೇ ಬೇಡವೇ ಎಂಬುದನ್ನೂ ಕೈಪಿಡಿಯೇ ಹೇಳಬೇಕು, ಏಕೆಂದರೆ ಎಣ್ಣೆಯಿಂದ ಘರ್ಷಣೆ ತಗ್ಗಿ, ಅದೇ ಅಳತೆಯ ತಿರುವಿಗೆ ಬೋಲ್ಟು ಹೆಚ್ಚು ಎಳೆದುಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಇಂತಿಷ್ಟು ನ್ಯೂಟನ್-ಮೀಟರು ಬಿಗಿದ ಮೇಲೆ ಇನ್ನೂ ಇಂತಿಷ್ಟು ಡಿಗ್ರಿ ತಿರುವಬೇಕೆಂಬ ವಿಧಿಯಿದೆ. ಅಂಥ ಬೋಲ್ಟು ಒಮ್ಮೆ ಎಳೆದುಕೊಂಡ ಮೇಲೆ ಮೊದಲಿನ ಉದ್ದಕ್ಕೆ ಮರಳದಿರುವುದರಿಂದ ಪ್ರತಿಸಲವೂ ಹೊಸದನ್ನೇ ಹಾಕತಕ್ಕದ್ದು. ಈ ಬಿಗಿತವನ್ನು ಟಾರ್ಕ್ ವ್ರೆಂಚಿನಿಂದಲೇ ಮಾಡಬೇಕು. ನಮ್ಮ ಊರುಗಳ ಮೇಸ್ತ್ರಿಗಳ ಕೈಚಳಕದ ಮೇಲೆ ನನಗೆ ಅಪಾರವಾದ ಗೌರವವಿದೆ. ಎಂಜಿನಿನ ಸದ್ದನ್ನು ಕೇಳಿಯೇ ರೋಗವನ್ನು ಹೇಳಬಲ್ಲ ಅವರ ಕಿವಿಯನ್ನು ಯಾವ ಯಂತ್ರವೂ ಸರಿಗಟ್ಟಲಾರದು. ಆದರೆ ಬೋಲ್ಟಿನೊಳಗಿನ ಎಳೆತವು ಕೈಗೂ ಕಿವಿಗೂ ಎಟುಕುವ ವಿಷಯವಲ್ಲ. ಬಡಾವಣೆಯ ಸಣ್ಣ ಗರಾಜಿಗೂ ಒಳ್ಳೆಯ ಟಾರ್ಕ್ ವ್ರೆಂಚೊಂದು ಸೇರುವಂತಾಗಬೇಕು. ಅದರ ಬಳಕೆಯನ್ನು ಹುಡುಗರಿಗೆ ಮೊದಲ ವರ್ಷದಲ್ಲಿಯೇ ಕಲಿಸುವಂತಾಗಬೇಕು.

ಬೆಲ್ಟನ್ನು ಬರೆದುಕೊಂಡ ಚಿತ್ರದಂತೆ ಮರಳಿ ಹಾಕಿ, ಬ್ಯಾಟರಿಯನ್ನು ಕೂಡಿಸಿ ಎಂಜಿನನ್ನು ನಡೆಸಿದಾಗ ಪುಲ್ಲಿಯ ಅಂಚು ಓಲಾಡದೆ ಒಂದೇ ಸಮತಲದಲ್ಲಿ ತಿರುಗುತ್ತಿರಬೇಕು, ಬೆಲ್ಟು ಗೀರುಗಳ ನಡುವೆ ನೇರವಾಗಿ ಓಡುತ್ತಿರಬೇಕು, ಸೀಲಿನ ಸುತ್ತ ಎಣ್ಣೆ ಜಿನುಗಬಾರದು. ಹೊಸ ಪುಲ್ಲಿಯ ಮುಖದ ಮೇಲೆಯೂ ಆ ಬಿಳಿಯ ಗೆರೆಯನ್ನು ಅಂದೇ ಎಳೆದಿರಿಸುವುದು ಒಳ್ಳೆಯದು. ಅಲ್ಲದೆ ಪುಲ್ಲಿ ಹಾಕಿದ ತಾರೀಖು, ಓಡಿದ ಕಿಲೋಮೀಟರು, ಭಾಗಸಂಖ್ಯೆ, ಬೋಲ್ಟನ್ನು ಬಿಗಿದ ಪ್ರಮಾಣ, ಬೋಲ್ಟು ಹೊಸದೋ ಹಳೆಯದೋ ಎಂಬ ವಿವರಗಳನ್ನು ಮೇಸ್ತ್ರಿಯಿಂದಲೇ ಸರ್ವೀಸ್ ಪುಸ್ತಕದಲ್ಲಿ ಬರೆಸಿಡತಕ್ಕದ್ದು. ಟೈಮಿಂಗ್ ಬೆಲ್ಟುಳ್ಳ ಕಾರುಗಳಲ್ಲಿ ಆ ಬೆಲ್ಟಿನ ಅವಧಿ ತೀರಿದಾಗ ಇದೇ ಬೋಲ್ಟನ್ನು ಬೇರೊಬ್ಬರು ಬಿಚ್ಚಬೇಕಾಗುತ್ತದೆ, ಅವರಿಗೆ ಆ ಬರಹವು ಬೇಕಾಗುತ್ತದೆ.